ದವಡೆಯ ಎಲುಬು ಕರಗಿದವರಿಗೆ ಎಲುಬಿನ ಕಸಿ: ಒಪ್ಪಿಗೆ ಕೊಡುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಕಲಬುರಗಿಯಲ್ಲಿ ಒಸಡಿನ ರೋಗಗಳಿಗೆ ಚಿಕಿತ್ಸೆ ನೀಡುವ ವೈದ್ಯೆಯಾದ ನನ್ನ ಬಳಿಗೆ ಬರುವ ಅನೇಕರ ಕೈಯಲ್ಲಿ ಒಂದು ಎಕ್ಸ್‌ರೇ, ಬಾಯಲ್ಲಿ ಒಂದೇ ಮಾತು ಇರುತ್ತದೆ: "ಹಲ್ಲು ಕೂಡಿಸಲಿಕ್ಕೆ ಎಲುಬೇ ಉಳಿದಿಲ್ಲ ಅಂತ ಹೇಳ್ಯಾರ್ರಿ." ಈ ಮಾತನ್ನು ಕೇಳಿದವರಲ್ಲಿ ಅರ್ಧ ಜನ ಇನ್ನು ಏನೂ ಮಾಡಲು ಬರುವುದಿಲ್ಲವೆಂದು ಕೈಬಿಡುತ್ತಾರೆ. ಉಳಿದವರು ಯಾವ ಪುಡಿ ಹಾಕಿದರೆ ಎಲುಬು ಬೆಳೆಯುತ್ತದೆ ಎಂದು ಕೇಳುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಎಲುಬು ಎಷ್ಟು ಹೋಗಿದೆ, ಯಾವ ದಿಕ್ಕಿನಲ್ಲಿ ಹೋಗಿದೆ, ಏಕೆ ಹೋಗಿದೆ ಎಂಬುದು ಗೊತ್ತಾದ ಮೇಲೆಯೇ ಯಾವ ಕಸಿ, ಎಂದರೆ ಕರಗಿದ ಜಾಗಕ್ಕೆ ಎಲುಬನ್ನೋ ಎಲುಬಿನಂಥ ವಸ್ತುವನ್ನೋ ತುಂಬುವ ಚಿಕಿತ್ಸೆ ಯಾವುದು, ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ. ಈ ಲೇಖನವನ್ನು ಆ ಕ್ರಮದಲ್ಲಿಯೇ ಬರೆದಿದ್ದೇನೆ.

ಎಲುಬು ಏಕೆ ಕರಗುತ್ತದೆ

ಹಲ್ಲಿನ ಬೇರನ್ನು ಹಿಡಿದುಕೊಂಡಿರುವ ದವಡೆಯ ಅಂಚಿನ ಎಲುಬು ಹಲ್ಲಿಗಾಗಿಯೇ ಇರುವಂಥದ್ದು. ಅಗಿಯುವಾಗ ಬೇರಿನ ಮೂಲಕ ಬರುವ ಒತ್ತಡವೇ ಅದನ್ನು ಗಟ್ಟಿಯಾಗಿ ಇರಿಸುತ್ತದೆ. ಹಲ್ಲು ಹೋದರೆ ಆ ಕೆಲಸ ತಪ್ಪುತ್ತದೆ, ಎಲುಬು ಸವೆಯತೊಡಗುತ್ತದೆ. ಕಿತ್ತ ಜಾಗದಲ್ಲಿ ಮೊದಲ ಒಂದು ವರ್ಷದೊಳಗೆ ದಿಂಡಿನ, ಎಂದರೆ ಹಲ್ಲು ಕೂತಿದ್ದ ಎಲುಬಿನ ಏಣಿನ, ಅಗಲದ ಸುಮಾರು ಅರ್ಧ ಭಾಗ ಹೋಗಬಹುದು. ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ಮೊದಲ ಮೂರು ತಿಂಗಳಲ್ಲಿಯೇ. ತುಟಿ ಮತ್ತು ಕೆನ್ನೆಯ ಕಡೆಯ ಗೋಡೆ ತೆಳುವಾಗಿರುವುದರಿಂದ ಮೊದಲು ಕುಸಿಯುವುದು ಅದೇ. ಮೇಲಿನ ದವಡೆಯ ಹಿಂಭಾಗದಲ್ಲಿ ಇನ್ನೊಂದು ತೊಡಕಿದೆ: ಅಲ್ಲಿ ಎಲುಬಿನ ಮೇಲೆಯೇ ಸೈನಸ್ ಎಂಬ ಗಾಳಿಯ ಕೋಣೆ ಇರುತ್ತದೆ, ಹಲ್ಲು ಹೋದ ಮೇಲೆ ಆ ಕೋಣೆ ಕೆಳಕ್ಕೆ ಹಿಗ್ಗುತ್ತದೆ. ಹೀಗೆ ಎಲುಬು ಕೆಳಗಿನಿಂದಲೂ ಮೇಲಿನಿಂದಲೂ ಕಡಿಮೆಯಾಗುತ್ತದೆ.

ಹಲ್ಲು ಇದ್ದಾಗಲೇ ಎಲುಬನ್ನು ತಿನ್ನುವುದು ಒಸಡಿನ ರೋಗ. ನಮ್ಮ ಭಾಗದಲ್ಲಿ ಸಕ್ಕರೆ ಕಾಯಿಲೆ, ಗುಟ್ಕಾ, ಬೀಡಿ, ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ರೂಢಿ ಇವೆಲ್ಲ ಆ ರೋಗಕ್ಕೆ ಕೈಜೋಡಿಸುತ್ತವೆ. ಹಲವು ವರ್ಷ ಸಡಿಲವಾದ ಹಲ್ಲಿನ ಸೆಟ್ ಹಾಕಿಕೊಂಡವರಲ್ಲಿ ಅದರ ಒತ್ತಡಕ್ಕೇ ಕೆಳದವಡೆಯ ದಿಂಡು ಸವೆದು ಚಪ್ಪಟೆಯಾಗಿರುತ್ತದೆ. ಇಲ್ಲಿ ಒಂದು ಮಾತು ಹೇಳಬೇಕು. ಯಾದಗಿರಿ, ಕಲಬುರಗಿ ಜಿಲ್ಲೆಗಳ ಫ್ಲೋರೈಡ್ ನೀರಿನ ಹಳ್ಳಿಗಳಿಂದ ಬರುವವರು ತಮ್ಮ ಹಲ್ಲಿನ ಕಂದು ಕಲೆಗಳನ್ನು ತೋರಿಸಿ ಎಲುಬೂ ಹಾಗೆಯೇ ಹಾಳಾಗಿದೆಯೇ ಎಂದು ಕೇಳುತ್ತಾರೆ. ಆ ಕಲೆ ಹಲ್ಲಿನ ಮೇಲ್ಪದರದ್ದು. ಅದು ಇದ್ದ ಮಾತ್ರಕ್ಕೆ ದವಡೆಯ ಎಲುಬು ಕರಗಿದೆ ಎಂದು ಅರ್ಥವಲ್ಲ.

ಹಲ್ಲು ಇನ್ನೂ ಕಿತ್ತಿಲ್ಲವಾದರೆ ಇಲ್ಲಿಂದ ಆರಂಭಿಸಿ

ಎಲ್ಲಕ್ಕಿಂತ ಸುಲಭವಾದ, ಕಡಿಮೆ ಖರ್ಚಿನ ಕಸಿ ಎಂದರೆ ಹಲ್ಲು ಕಿತ್ತ ದಿನವೇ ಆ ಗುಳಿಯೊಳಗೆ ಕಸಿಯ ಕಣಗಳನ್ನು ತುಂಬಿ, ಮೇಲೆ ಪೊರೆ ಮುಚ್ಚಿ ಹೊಲಿಗೆ ಹಾಕುವುದು. ಇದಕ್ಕೆ ಸಾಕೆಟ್ ಪ್ರಿಸರ್ವೇಶನ್ ಎನ್ನುತ್ತಾರೆ. ಇದು ಸವೆತವನ್ನು ಪೂರ್ತಿ ನಿಲ್ಲಿಸುವುದಿಲ್ಲ, ಆದರೆ ಸಾಕಷ್ಟು ಕಡಿಮೆ ಮಾಡುತ್ತದೆ. ಆದ್ದರಿಂದ ಹಲ್ಲು ಕೀಳಿಸಲು ಹೋಗುವಾಗಲೇ, ಮುಂದೆ ಅಲ್ಲಿ ಇಂಪ್ಲಾಂಟ್ (ಕೃತಕ ಹಲ್ಲನ್ನು ಕೂಡಿಸಲು ಎಲುಬಿನೊಳಗೆ ಕೂಡಿಸುವ ಸ್ಕ್ರೂವಿನಂಥ ಬೇರು) ಹಾಕಿಸುವ ಮನಸ್ಸಿದೆಯೋ ಇಲ್ಲವೋ ಎಂಬುದನ್ನು ವೈದ್ಯರಿಗೆ ತಿಳಿಸಿರಿ. ಎರಡು ವರ್ಷದ ನಂತರ ಬಂದು ಕೇಳುವ ಮಾತನ್ನು ಅಂದೇ ಕೇಳಿದರೆ ದೊಡ್ಡ ಶಸ್ತ್ರಚಿಕಿತ್ಸೆಯೊಂದು ತಪ್ಪಬಹುದು. ಕೀವು ತುಂಬಿದ ಗುಳಿಯಾದರೆ ಮೊದಲು ಸೋಂಕು ಇಳಿಯಲು ಕೆಲವು ವಾರ ಕಾಯಬೇಕಾಗಬಹುದು. ಅದನ್ನು ವೈದ್ಯರು ನೋಡಿಯೇ ಹೇಳಬೇಕು.

ಇಂಪ್ಲಾಂಟ್ ಬೇಡವೇ ಬೇಡ, ಸೆಟ್ ಸಾಕು ಎನ್ನುವ ಹಿರಿಯರಿಗೆ ಪ್ರತಿ ಗುಳಿಗೂ ಕಸಿ ತುಂಬಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಅಳತೆ

ಹೆಚ್ಚಿನವರು ತರುವ ಉದ್ದನೆಯ ಎಕ್ಸ್‌ರೇ, ಎಂದರೆ ಒಪಿಜಿ, ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಎತ್ತರದ ಅಂದಾಜು ಅದರಿಂದ ಸಿಗುತ್ತದೆ. ಅಗಲ ಮಾತ್ರ ಅದರಲ್ಲಿ ಕಾಣುವುದೇ ಇಲ್ಲ. ಬದುವಿನ ಮುಂದೆ ನಿಂತು ನೋಡಿದರೆ ಅದರ ಎತ್ತರ ತಿಳಿಯುತ್ತದೆ, ದಪ್ಪ ತಿಳಿಯಬೇಕಾದರೆ ಅಡ್ಡ ಕಡಿದೇ ನೋಡಬೇಕು. ಹಾಗೆ ಅಡ್ಡಸೀಳಿನ ಚಿತ್ರ ಕೊಡುವುದು ಸಿಬಿಸಿಟಿ ಸ್ಕ್ಯಾನ್. ಕಸಿ ಅಥವಾ ಇಂಪ್ಲಾಂಟ್ ನಿರ್ಧಾರಕ್ಕೆ ಮೊದಲು ಈ ಸ್ಕ್ಯಾನ್ ಆಗಿರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸ್ಕ್ಯಾನ್ ಆದ ಮೇಲೆ ವೈದ್ಯರಲ್ಲಿ ಮೂರು ಅಂಕಿಗಳನ್ನು ಕೇಳಿ ಬರೆದುಕೊಳ್ಳಿರಿ. ಮೊದಲನೆಯದು ದಿಂಡಿನ ಅಗಲ. ಸಾಮಾನ್ಯ ಇಂಪ್ಲಾಂಟಿನ ದಪ್ಪ ಸುಮಾರು 4 ಮಿ.ಮೀ. ಅದರ ಎರಡೂ ಬದಿಗೆ ಕನಿಷ್ಠ 1ರಿಂದ 1.5 ಮಿ.ಮೀ. ಎಲುಬು ಉಳಿಯಬೇಕಾದುದರಿಂದ 6ರಿಂದ 7 ಮಿ.ಮೀ. ಅಗಲವಿದ್ದರೆ ಕಸಿಯಿಲ್ಲದೆ ಕೆಲಸವಾಗುವ ಸಾಧ್ಯತೆ ಹೆಚ್ಚು. ಎರಡನೆಯದು ಕೆಳದವಡೆಯಲ್ಲಿ ನರದ ಕಾಲುವೆಯ ಮೇಲೆ ಇರುವ ಎತ್ತರ. ಇಂಪ್ಲಾಂಟಿನ ತುದಿಗೂ ಆ ನರಕ್ಕೂ ನಡುವೆ 2 ಮಿ.ಮೀ. ಅಂತರ ಬಿಡಬೇಕು. ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿದಂತೆ ಆಗಿ, ಕೆಲವೊಮ್ಮೆ ಅದು ಹಾಗೆಯೇ ಉಳಿಯುತ್ತದೆ. ಮೂರನೆಯದು ಮೇಲ್ದವಡೆಯ ಹಿಂಭಾಗದಲ್ಲಿ ಸೈನಸಿನ ಕೆಳಗೆ ಉಳಿದ ಎಲುಬಿನ ಎತ್ತರ. ಈ ಮೂರು ಅಂಕಿಗಳು ನಿಮ್ಮ ಕೈಯಲ್ಲಿದ್ದರೆ ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದೂ ಸುಲಭ. ಸ್ಕ್ಯಾನಿನ ಸಿ.ಡಿ. ಅಥವಾ ಫೈಲನ್ನು ಕೇಳಿ ಪಡೆಯಿರಿ, ಕಾಗದದ ಮೇಲಿನ ಚಿತ್ರವೊಂದೇ ಸಾಲದು.

ಬಿತ್ತುವ ಮೊದಲು ಹೊಲ ಹಸನಾಗಬೇಕು

ಹರಗದ ಹೊಲದಲ್ಲಿ ಯಾರೂ ತೊಗರಿ ಬಿತ್ತುವುದಿಲ್ಲ. ರೋಗವಿರುವ ಬಾಯಲ್ಲಿ ಕಸಿ ಮಾಡುವುದೂ ಅಂಥದ್ದೇ. ಉಳಿದ ಹಲ್ಲುಗಳಿಗೆ ಕಲ್ಲಿನಂತೆ ಅಂಟಿದ ಗಟ್ಟಿ ಕೊಳೆಯನ್ನು ತೆಗೆದು, ಕೀವು, ರಕ್ತ ಒಸರುವುದು ನಿಂತ ಮೇಲೆಯೇ ಕಸಿಯ ಮಾತು. ಸಕ್ಕರೆ ಕಾಯಿಲೆ ಇದ್ದವರು ಆ ದಿನದ ಸಕ್ಕರೆ ಮಟ್ಟವನ್ನಷ್ಟೇ ನೋಡದೆ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬೇಕು. ಅದು 7ರ ಆಸುಪಾಸಿಗೆ ಬಂದರೆ ನಿಶ್ಚಿಂತೆ, 8 ದಾಟಿದ್ದರೆ ನಾನು ಮುಂದೂಡುತ್ತೇನೆ.

ತಂಬಾಕಿನ ವಿಷಯದಲ್ಲಿ ಮುಲಾಜಿಲ್ಲದೆ ಹೇಳುತ್ತೇನೆ. ಬೀಡಿ, ಸಿಗರೇಟು, ಗುಟ್ಕಾ, ಜರ್ದಾ, ಇವುಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲು ಬಿಟ್ಟು, ಆದ ಮೇಲೆ ಎರಡು ತಿಂಗಳಾದರೂ ಮುಟ್ಟದಿರಲು ಆಗುವುದಿಲ್ಲವೆಂದಾದರೆ ಕಸಿಗೆ ಹಣ ಸುರಿಯಬೇಡಿರಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ರಕ್ತ ಬಾರದ ಕಡೆ ಹೊಸ ಎಲುಬು ಹುಟ್ಟುವುದಿಲ್ಲ. ಅಡಿಕೆ, ಗುಟ್ಕಾ ತಿಂದು ಬಾಯಿ ಸರಿಯಾಗಿ ತೆರೆಯದಂತಾದವರಿಗೆ ಹಿಂದಿನ ಹಲ್ಲುಗಳ ಜಾಗಕ್ಕೆ ಉಪಕರಣ ಒಯ್ಯುವುದೇ ಕಷ್ಟವಾದ್ದರಿಂದ ಮೊದಲು ಆ ಬಿಗಿತದ ತಪಾಸಣೆ ಆಗಬೇಕು. ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ ಎಂಬುದನ್ನೂ ಮರೆಯಬಾರದು.

ತೆಗೆದುಕೊಳ್ಳುತ್ತಿರುವ ಔಷಧಗಳ ಚೀಟಿಯನ್ನು ತಪ್ಪದೆ ತೋರಿಸಿರಿ. ಎಲುಬಿನ ಸವಕಳಿಗೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಹಾಕಿಸುವ ಜೊಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದು, ಇವುಗಳಲ್ಲಿ ಯಾವುದನ್ನೇ ಪಡೆದಿದ್ದರೂ ದವಡೆಯ ಶಸ್ತ್ರಚಿಕಿತ್ಸೆಯ ನಂತರ ಗಾಯ ಮಾಯದೆ ಎಲುಬು ಸತ್ತುಹೋಗುವ ಅಪಾಯವಿದೆ. ಕ್ಯಾನ್ಸರ್ ಚಿಕಿತ್ಸೆಗೆ ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ದವಡೆಗೆ ವಿಕಿರಣ ಚಿಕಿತ್ಸೆ ಆದವರೂ ಮೊದಲೇ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹೃದಯದ ವೈದ್ಯರನ್ನು ಕೇಳದೆ ತಾವಾಗಿಯೇ ನಿಲ್ಲಿಸಬಾರದು.

ಏನನ್ನು ತುಂಬುತ್ತಾರೆ

ಕೆಲವು ವರ್ಷಗಳ ಹಿಂದೆ ಚಿಂಚೋಳಿ ಕಡೆಯ ಹಿರಿಯ ತಾಯಿಯೊಬ್ಬರು ಕುರ್ಚಿಯ ಮೇಲೆ ಕುಳಿತು, ನಾನು ಬಿಚ್ಚಲಿದ್ದ ಸಣ್ಣ ಗಾಜಿನ ಸೀಸೆಯನ್ನು ನೋಡಿ ಕೇಳಿದರು: "ಯವ್ವಾ, ಇದು ಯಾವುದರ ಎಲುಬು ಅದ?" ಸೀಸೆಯಲ್ಲಿದ್ದದ್ದು ಒರಟು ಸಕ್ಕರೆಯಂಥ ಬಿಳಿ ಕಣಗಳು, ಅರ್ಧ ಗ್ರಾಂ. ಅದು ದನದ ಎಲುಬಿನಿಂದ ತಯಾರಾದದ್ದು. ಒಪ್ಪಿಗೆ ಪತ್ರದಲ್ಲಿ ಬರೆದಿತ್ತು, ಆದರೆ ಇಂಗ್ಲಿಷಿನಲ್ಲಿತ್ತು, ಅವರ ಮಗ ಸಹಿ ಮಾಡಿದ್ದ. ನಾನು ಇದ್ದುದನ್ನು ಇದ್ದ ಹಾಗೆ ಹೇಳಿದೆ. "ನಮಗ ನಡೆಂಗಿಲ್ಲವ್ವ" ಎಂದರು. ಅಂದಿನ ಕೆಲಸವನ್ನು ನಿಲ್ಲಿಸಿ, ಮುಂದಿನ ವಾರ ಕೃತಕ ವಸ್ತು ತರಿಸಿ ಮಾಡಿದೆ. ಆ ತಪ್ಪು ನನ್ನದು. ಅಂದಿನಿಂದ ಈ ಸಂಗತಿಯನ್ನು ಮೊದಲ ಭೇಟಿಯಲ್ಲಿಯೇ ಕನ್ನಡದಲ್ಲಿ ಹೇಳುತ್ತೇನೆ. ಲಿಂಗಾಯತ, ಜೈನ, ಮುಸ್ಲಿಂ, ಕ್ರೈಸ್ತ ಎಲ್ಲ ಮನೆತನಗಳೂ ಇರುವ ಈ ಊರಿನಲ್ಲಿ ಇದು ಚಿಕ್ಕ ಪ್ರಶ್ನೆಯಲ್ಲ, ಕೇಳಲು ಸಂಕೋಚಪಡಬೇಕಾದ ಪ್ರಶ್ನೆಯೂ ಅಲ್ಲ.

ಕಸಿಯ ವಸ್ತುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದು ರೋಗಿಯದೇ ಎಲುಬು. ಗದ್ದದಿಂದ ಅಥವಾ ಕೆಳದವಡೆಯ ಹಿಂತುದಿಯಿಂದ, ತುಂಬಾ ಬೇಕಾದಾಗ ಸೊಂಟದ ಎಲುಬಿನಿಂದ ತೆಗೆಯುತ್ತಾರೆ. ಇದರಲ್ಲಿ ಜೀವಂತ ಕೋಶಗಳಿರುವುದರಿಂದ ಇದೊಂದೇ ತಾನಾಗಿ ಹೊಸ ಎಲುಬು ಕಟ್ಟಬಲ್ಲದು. ಉಳಿದವು ಮುಖ್ಯವಾಗಿ ಚಪ್ಪರದ ಕೆಲಸ ಮಾಡುತ್ತವೆ, ಬಳ್ಳಿ ಹಬ್ಬಬೇಕಾದದ್ದು ನಮ್ಮ ಎಲುಬಿನಿಂದಲೇ. ಸ್ವಂತ ಎಲುಬಿಗೆ ಧರ್ಮದ ತೊಡಕಿಲ್ಲ, ವಸ್ತುವಿನ ಬೆಲೆಯೂ ಇಲ್ಲ. ಆದರೆ ಇನ್ನೊಂದು ಕಡೆ ಗಾಯವಾಗುತ್ತದೆ, ಗದ್ದದಿಂದ ತೆಗೆದರೆ ಕೆಳಗಿನ ಮುಂಹಲ್ಲುಗಳ ಬಳಿ ಕೆಲಕಾಲ ಮರಗಟ್ಟಿದಂತೆ ಇರಬಹುದು, ಕಸಿಯ ಒಂದು ಭಾಗ ಬೇಗ ಕರಗುವುದೂ ಉಂಟು.

ಎರಡನೆಯದು ಮೃತ ದಾನಿಗಳಿಂದ ಅಥವಾ ಕೀಲಿನ ಶಸ್ತ್ರಚಿಕಿತ್ಸೆಗಳಲ್ಲಿ ತೆಗೆದ, ಅಂಗಾಂಶ ಬ್ಯಾಂಕಿನಲ್ಲಿ ಸಂಸ್ಕರಿಸಿದ ಮಾನವ ಎಲುಬು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕಿನಿಂದ ಇಂಥ ಕಸಿ ದಂತ ಚಿಕಿತ್ಸೆಗೆ ದೊರೆಯುತ್ತ ಬಂದಿದೆ. ಮೂರನೆಯದು ಪ್ರಾಣಿಮೂಲದ್ದು, ಹೆಚ್ಚಾಗಿ ದನದ್ದು. ಕಾಯಿಸಿ, ರಾಸಾಯನಿಕಗಳಿಂದ ತೊಳೆದು, ಅದರಲ್ಲಿನ ಜೈವಿಕ ಅಂಶವನ್ನೆಲ್ಲ ತೆಗೆದು ಖನಿಜವನ್ನು ಮಾತ್ರ ಉಳಿಸಿರುತ್ತಾರೆ. ಅದು ಬಹಳ ನಿಧಾನವಾಗಿ ಕರಗುವುದರಿಂದ ಆಕಾರ ಕೆಡುವುದಿಲ್ಲ, ಅದಕ್ಕೇ ವೈದ್ಯರಿಗೆ ಅದರ ಮೇಲೆ ಒಲವು. ನಾಲ್ಕನೆಯದು ಪ್ರಯೋಗಾಲಯದಲ್ಲಿ ತಯಾರಾದದ್ದು: ಹೈಡ್ರಾಕ್ಸಿಅಪಟೈಟ್, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಬಯೊಆಕ್ಟಿವ್ ಗ್ಲಾಸ್. ಹೈಡ್ರಾಕ್ಸಿಅಪಟೈಟ್ ದೀರ್ಘಕಾಲ ಉಳಿಯುತ್ತದೆ, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗಿ ಜಾಗ ಬಿಡುತ್ತದೆ, ಎರಡನ್ನೂ ಬೆರೆಸಿದ ಕಣಗಳೂ ಸಿಗುತ್ತವೆ. ಗುಳಿ ತುಂಬಲು, ಸೈನಸ್ ಎತ್ತಲು ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಪ್ರಾಣಿಮೂಲ ಬೇಡವೆನ್ನುವವರು ಕೀಳಾದದ್ದನ್ನು ಒಪ್ಪಿಕೊಂಡೆವೆಂದು ಅಂದುಕೊಳ್ಳಬೇಕಾಗಿಲ್ಲ.

ಇಲ್ಲಿ ಬಹಳ ಜನ ತಪ್ಪುವ ಜಾಗವೊಂದಿದೆ. ಕಣಗಳ ಮೂಲವನ್ನು ಕೇಳುತ್ತಾರೆ, ಮೇಲೆ ಮುಚ್ಚುವ ಪೊರೆಯದನ್ನು ಕೇಳುವುದಿಲ್ಲ. ತಾನಾಗಿ ಕರಗುವ ಕೊಲಾಜೆನ್ ಪೊರೆಗಳು ಸಾಮಾನ್ಯವಾಗಿ ಹಂದಿ ಅಥವಾ ದನದಿಂದ ಬಂದವು. ಅವು ಬೇಡವಾದರೆ ಪಾಲಿಲ್ಯಾಕ್ಟಿಕ್ ಆಸಿಡ್ ಬಗೆಯ ಕೃತಕ ಪೊರೆ, ನಂತರ ತೆಗೆಯಬೇಕಾದ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ ಬಗೆಯ ಪೊರೆ ಅಥವಾ ಟೈಟಾನಿಯಂ ಜಾಳಿಗೆ ಇವೆ.

ರೋಗಿಯ ರಕ್ತದಿಂದಲೇ ತಯಾರಿಸುವ ಪಿಆರ್‌ಎಫ್ ಬಗ್ಗೆಯೂ ಈಗ ಎಲ್ಲರೂ ಕೇಳುತ್ತಾರೆ. ತೋಳಿನಿಂದ 10 ಮಿ.ಲೀ. ರಕ್ತ ತೆಗೆದು, ಏನನ್ನೂ ಬೆರೆಸದೆ, ತಡಮಾಡದೆ ಯಂತ್ರದಲ್ಲಿ ಹತ್ತು ಹನ್ನೆರಡು ನಿಮಿಷ ಗಿರಗಿರನೆ ತಿರುಗಿಸಿದರೆ ನಳಿಕೆಯಲ್ಲಿ ಮೂರು ಪದರ ಕಾಣುತ್ತವೆ: ತಳದಲ್ಲಿ ಕಡುಕೆಂಪು, ಮೇಲೆ ತಿಳಿ ನೀರು, ನಡುವೆ ತಾಟಿನುಂಗಿನ ತಿರುಳಿನಂತೆ ನಡುಗುವ ಹಳದಿ ಗಡ್ಡೆ. ಆ ಗಡ್ಡೆಯನ್ನು ಒತ್ತಿ ಹಾಳೆಯಂತೆ ಮಾಡಿ ಗಾಯದ ಮೇಲೆ ಹೊದಿಸುತ್ತಾರೆ, ಅಥವಾ ಕತ್ತರಿಸಿ ಕಣಗಳ ಜೊತೆ ಬೆರೆಸುತ್ತಾರೆ. ಒಸಡು ಬೇಗ ಮಾಯಲು ಇದು ನೆರವಾಗುವುದನ್ನು ನಾನು ಕಂಡಿದ್ದೇನೆ. ಆದರೆ ದೊಡ್ಡ ಕೊರತೆಯನ್ನು ಇದೊಂದೇ ತುಂಬೀತು ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಕೊರತೆಗೆ ತಕ್ಕ ವಿಧಾನ

ಅಗಲ ಮಾತ್ರ ಕಡಿಮೆಯಿದ್ದರೆ ಬದಿಗೆ ಕಣಗಳನ್ನಿಟ್ಟು ಪೊರೆ ಹೊದಿಸುವ ವಿಧಾನ ಸಾಕು. ಪೊರೆ ಇಡುವ ಕಾರಣ ಸರಳವಾಗಿದೆ: ಒಸಡು ಎಲುಬಿಗಿಂತ ಬೇಗ ಬೆಳೆಯುತ್ತದೆ, ತಡೆಯದಿದ್ದರೆ ಎಲುಬಿಗೆಂದು ಬಿಟ್ಟ ಜಾಗವನ್ನು ಅದೇ ಆಕ್ರಮಿಸುತ್ತದೆ. ಕೊರತೆ ಸಣ್ಣದಾಗಿದ್ದರೆ ಅದೇ ದಿನ ಇಂಪ್ಲಾಂಟನ್ನೂ ಹಾಕಬಹುದು. ದೊಡ್ಡದಾಗಿದ್ದರೆ 4ರಿಂದ 6 ತಿಂಗಳು ಕಾಯಬೇಕು. ಅಗಲ ತೀರಾ ಕಡಿಮೆಯಾಗಿ ದಿಂಡು ಕತ್ತಿಯ ಅಲಗಿನಂತಾಗಿದ್ದರೆ ಸ್ವಂತ ಎಲುಬಿನ ತುಂಡನ್ನೇ ಸ್ಕ್ರೂ ಹಾಕಿ ಕೂಡಿಸುವ ಬ್ಲಾಕ್ ಕಸಿ ಬೇಕಾಗಬಹುದು. ಅದು ಕೂಡಿಕೊಳ್ಳಲು ಸಹ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಎತ್ತರವನ್ನು ಏರಿಸುವುದು ಅಗಲ ಹೆಚ್ಚಿಸುವುದಕ್ಕಿಂತ ಕಠಿಣ, ಅದರ ಫಲವೂ ಅಷ್ಟು ನಿಶ್ಚಿತವಲ್ಲ. ಸುಲಭವೆಂದು ಭರವಸೆ ಕೊಡುವವರಲ್ಲಿ ಇನ್ನೊಮ್ಮೆ ವಿಚಾರಿಸಿರಿ.

ಸೈನಸಿನ ಕೆಳಗೆ 5 ಮಿ.ಮೀ.ಗಿಂತ ಹೆಚ್ಚು ಎಲುಬಿದ್ದರೆ ಇಂಪ್ಲಾಂಟಿಗೆ ಕೊರೆದ ರಂಧ್ರದ ಮೂಲಕವೇ ಸೈನಸಿನ ತೆಳುಪೊರೆಯನ್ನು ಸ್ವಲ್ಪ ಮೇಲೆತ್ತಿ ಕಣ ತುಂಬಬಹುದು. ಅದಕ್ಕಿಂತ ಕಡಿಮೆಯಿದ್ದರೆ ಕೆನ್ನೆಯ ಬದಿಯಿಂದ ಚಿಕ್ಕ ಕಿಟಕಿ ತೆರೆದು ಮಾಡಬೇಕಾಗುತ್ತದೆ, ಆಗ ಮಾಯಲು 6ರಿಂದ 9 ತಿಂಗಳು ಹಿಡಿಯುತ್ತದೆ. ಈ ಕೆಲಸದಲ್ಲಿ ಸೈನಸಿನ ಪೊರೆ ಹರಿಯುವುದು ಅಪರೂಪವಲ್ಲ. ಸಣ್ಣ ಹರಕನ್ನು ಅಲ್ಲಿಯೇ ಮುಚ್ಚುತ್ತಾರೆ, ದೊಡ್ಡದಾದರೆ ಕೆಲಸ ನಿಲ್ಲಿಸಿ ಕೆಲವು ತಿಂಗಳ ನಂತರ ಮತ್ತೆ ಮಾಡುತ್ತಾರೆ. ಪದೇ ಪದೇ ನೆಗಡಿ, ಮೂಗು ಕಟ್ಟುವುದು ಇರುವವರು ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು.

ಹಲ್ಲು ಇನ್ನೂ ಇದ್ದು, ಅಲುಗಾಡುತ್ತಿದ್ದು, ಅದರ ಸುತ್ತ ಕಸಿ ಮಾಡಿ ಉಳಿಸಬಹುದೇ ಎಂದು ಕೇಳುವವರಿಗೆ ಉತ್ತರ ಎಲುಬು ಸವೆದ ರೀತಿಯಲ್ಲಿದೆ. ಬೇರಿನ ಪಕ್ಕದಲ್ಲಿ ಬಾವಿಯಂತೆ ಆಳವಾಗಿ, ಸುತ್ತ ಗೋಡೆ ಉಳಿದ ಗುಂಡಿಯಾದರೆ ಕಸಿ ಹಿಡಿಯುತ್ತದೆ. ಎಲ್ಲ ಹಲ್ಲುಗಳ ಸುತ್ತಲೂ ಎಲುಬು ಸಮನಾಗಿ ಕೆಳಗಿಳಿದಿದ್ದರೆ ಕಣಗಳು ನಿಲ್ಲಲು ಆಸರೆಯೇ ಇಲ್ಲ. ಅಲ್ಲಿ ಇರುವುದನ್ನು ಕಾಪಾಡಿಕೊಳ್ಳುವುದೇ ಚಿಕಿತ್ಸೆ.

ಕಸಿ ಇಲ್ಲದೆಯೂ ದಾರಿಗಳಿವೆ. 6ರಿಂದ 8 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟುಗಳು, ಸೈನಸ್ ಅಥವಾ ನರವನ್ನು ತಪ್ಪಿಸಿ ಓರೆಯಾಗಿ ಹಾಕುವ ಇಂಪ್ಲಾಂಟುಗಳು, ಮೇಲ್ದವಡೆ ಪೂರ್ತಿ ಕರಗಿದವರಿಗೆ ಕೆನ್ನೆಯ ಎಲುಬಿಗೆ ಹಾಕುವ ಝೈಗೊಮ್ಯಾಟಿಕ್ ಇಂಪ್ಲಾಂಟುಗಳು. ಕೆಳದವಡೆಯ ಮುಂಭಾಗದಲ್ಲಿ ಎಲುಬು ಸಾಮಾನ್ಯವಾಗಿ ಹೆಚ್ಚು ಕಾಲ ಉಳಿದಿರುತ್ತದೆ. ಅಲ್ಲಿ ಎರಡೇ ಇಂಪ್ಲಾಂಟ್ ಹಾಕಿ ಅವಕ್ಕೆ ಸೆಟ್ಟನ್ನು ಅಂಗಿಯ ಗುಂಡಿಯಂತೆ ಸಿಕ್ಕಿಸಿದರೆ, ಸೆಟ್ ಜಾರುತ್ತದೆಂದು ರೊಟ್ಟಿಯನ್ನೇ ಬಿಟ್ಟ ಹಿರಿಯರು ಮತ್ತೆ ರೊಟ್ಟಿ ತಿನ್ನುತ್ತಾರೆ. ಎಪ್ಪತ್ತು ದಾಟಿದವರಿಗೆ ನಾನು ದೊಡ್ಡ ಕಸಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಎಲ್ಲಿ ಮಾಡಿಸಬೇಕು, ಏನನ್ನು ಬರೆಸಿಕೊಳ್ಳಬೇಕು

ಕಲಬುರಗಿಯಲ್ಲಿ ಎಚ್.ಕೆ.ಇ. ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು ಇವೆ, ಬೀದರಿನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜಿದೆ. ದಂತ ಕಾಲೇಜಿನ ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ, ಸಮಯ ಹೆಚ್ಚು ಹಿಡಿಯುತ್ತದೆ. ಒಸಡಿನ ವಿಭಾಗ, ಶಸ್ತ್ರಚಿಕಿತ್ಸಾ ವಿಭಾಗ, ಕೃತಕ ಹಲ್ಲಿನ ವಿಭಾಗ ಒಂದೇ ಕಟ್ಟಡದಲ್ಲಿರುವುದು ದೊಡ್ಡ ಅನುಕೂಲ. ಯಾದಗಿರಿ, ಸುರಪುರ, ಔರಾದ ಕಡೆಯಿಂದ ಬರುವವರು ಒಟ್ಟು ಎಷ್ಟು ಸಲ ಬರಬೇಕಾಗುತ್ತದೆ ಎಂಬುದನ್ನು ಮೊದಲೇ ಕೇಳಿ, ಬಿತ್ತನೆ ಮತ್ತು ರಾಶಿಯ ದಿನಗಳನ್ನು ತಪ್ಪಿಸಿ ತಾರೀಖು ತೆಗೆದುಕೊಳ್ಳುವುದು ಒಳ್ಳೆಯದು.

ಖರ್ಚಿನ ಅಂದಾಜನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿರಿ: ಸ್ಕ್ಯಾನ್, ಕಸಿಯ ವಸ್ತು ಎಷ್ಟು ಗ್ರಾಂ, ಪೊರೆ, ಶಸ್ತ್ರಚಿಕಿತ್ಸೆ, ಇಂಪ್ಲಾಂಟ್, ಅದರ ಮೇಲಿನ ಹಲ್ಲು. ಕಸಿ ವಿಫಲವಾದರೆ ಮತ್ತೆ ಮಾಡುವಾಗ ಯಾವುದಕ್ಕೆ ಹಣ ಕೊಡಬೇಕು ಎಂಬುದನ್ನೂ ಕೇಳಿರಿ. ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತದ ಗಾಯ ಬಿಟ್ಟರೆ ಹಲ್ಲಿನ ಚಿಕಿತ್ಸೆಯನ್ನು ಹೆಚ್ಚಾಗಿ ಒಳಗೊಂಡಿರುವುದಿಲ್ಲವಾದ್ದರಿಂದ ಪಾಲಿಸಿಯನ್ನು ಮೊದಲೇ ಓದಿಸಿ ನೋಡಬೇಕು. ಕಸಿಯ ಸೀಸೆ ಮತ್ತು ಪೊರೆಯ ಪೊಟ್ಟಣದ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇರುವ ಚೀಟಿ ಅಂಟಿಸಿರುತ್ತದೆ. ಅದನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಲು ಕೇಳಿರಿ.

ಆದ ಮೇಲಿನ ದಿನಗಳು

ಕಸಿ ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಕೆಲಸ, ಆ ದಿನವೇ ಮನೆಗೆ ಹೋಗಬಹುದು. ಮೊದಲ ದಿನ ಹೊರಗಿನಿಂದ ಬರ್ಫದ ಶೇಕವನ್ನು ಹದಿನೈದು ನಿಮಿಷ ಇಟ್ಟು, ಹದಿನೈದು ನಿಮಿಷ ಬಿಡುತ್ತ ಕೊಡಬೇಕು. ಊತ ಎರಡನೆಯ, ಮೂರನೆಯ ದಿನ ಹೆಚ್ಚಿ ಆಮೇಲೆ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ. 24 ಗಂಟೆ ಉಗುಳಬಾರದು, ಜೋರಾಗಿ ಮುಕ್ಕಳಿಸಬಾರದು, ಸ್ಟ್ರಾದಿಂದ ಹೀರಬಾರದು. ಮರುದಿನದಿಂದ ವೈದ್ಯರು ಬರೆದ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ಬಾಯಲ್ಲಿ ಹಿಡಿದು ಮೆಲ್ಲಗೆ ಬಿಡಬೇಕು. ತುಟಿ ಎತ್ತಿ ಎತ್ತಿ ಕನ್ನಡಿಯಲ್ಲಿ ಹೊಲಿಗೆ ನೋಡುವುದು ಬೇಡ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ.

ಊಟದ ವಿಷಯದಲ್ಲಿ ಮನೆಯವರು ಎರಡು ವಾರ ಸಹಕರಿಸಬೇಕು. ಆರಿದ ಅಂಬಲಿ, ಮೊಸರನ್ನ, ಹೆಸರುಬೇಳೆಯ ಖಿಚಡಿ, ಹಾಲಿನಲ್ಲಿ ಚೆನ್ನಾಗಿ ನೆನೆಸಿ ಹಿಸುಕಿದ ಮೆತ್ತನೆಯ ರೊಟ್ಟಿ, ಇವೆಲ್ಲ ನಡೆಯುತ್ತವೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಚುರುಮುರಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನಡೆಯುವುದಿಲ್ಲ. ಒಂದೇ ಒಂದು ಎಳ್ಳಿನ ಕಾಳು ಹೊಲಿಗೆಯ ಸಂದಿಗೆ ಸೇರಿ ಕೀವಾದದ್ದನ್ನು ಸಂಕ್ರಾಂತಿಯ ಮರುವಾರ ನೋಡಿದ್ದೇನೆ. ಹಳೆಯ ಸೆಟ್ಟನ್ನು ಕಸಿಯ ಮೇಲೆ ಕನಿಷ್ಠ ಎರಡು ವಾರ ಹಾಕಬಾರದು. ಆಮೇಲೂ ಒಳಭಾಗವನ್ನು ಕೆತ್ತಿ ಮೆತ್ತನೆಯ ಪದರ ಕೊಡಿಸಿಕೊಂಡೇ ಹಾಕಬೇಕು. ಕಸಿ ಕೆಡುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಸೆಟ್ಟಿನ ಒತ್ತಡವೂ ತಂಬಾಕೂ ಮುಂದಿವೆ. ಸೈನಸ್ ಕಸಿ ಆದವರು ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಮೊದಲ ಕೆಲವು ದಿನ ಮರಳಿನಂಥ ಒಂದೆರಡು ಕಣ ಬಾಯಿಗೆ ಬಂದರೆ ಚಿಂತೆಯಿಲ್ಲ. ನಾಲ್ಕನೆಯ ದಿನದ ನಂತರ ನೋವು ಅಥವಾ ಊತ ಇಳಿಯುವ ಬದಲು ಏರಿದರೆ, ಕೀವು ಅಥವಾ ದುರ್ವಾಸನೆ ಬಂದರೆ, ಒಸಡು ಬಿಚ್ಚಿ ಬಿಳಿ ಪೊರೆ ಕಂಡರೆ, ಜ್ವರ ಬಂದರೆ, ಮೂಗಿನಿಂದ ಕಣ ಅಥವಾ ಕುಡಿದ ನೀರು ಬಂದರೆ, ಮರುದಿನವೂ ತುಟಿಯ ಜೋಮು ಬಿಡದಿದ್ದರೆ, ಮುಂದಿನ ತಾರೀಖಿನವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಬೇಕು. ಪೊರೆ ತೆರೆದುಕೊಂಡದ್ದನ್ನು ಬೇಗ ನೋಡಿದರೆ ಕಸಿಯನ್ನು ಎಷ್ಟೋ ಸಲ ಉಳಿಸಬಹುದು.

ನೋವು ಹೋದ ಮೇಲೆ ಆಸ್ಪತ್ರೆಯ ದಾರಿ ಮರೆಯುವವರು ಬಹಳ. ಇಂಪ್ಲಾಂಟಿಲ್ಲದೆ ಖಾಲಿ ಬಿಟ್ಟ ಕಸಿಯೂ ಕಾಲಕ್ರಮದಲ್ಲಿ ಸವೆಯುತ್ತದೆ. ಹಲ್ಲು ಕಿತ್ತ ಗುಳಿಯೊಳಗೆ ತುಂಬಿದ ಕಸಿಯಾದರೆ 3ರಿಂದ 6 ತಿಂಗಳಿಗೆ, ಉಳಿದವಕ್ಕೆ ವೈದ್ಯರು ಹೇಳಿದ ತಿಂಗಳಿಗೆ ಹೋಗಿ ಎರಡನೆಯ ಸ್ಕ್ಯಾನ್ ಮಾಡಿಸಿ, ಮೊದಲು ಬರೆದುಕೊಂಡ ಮೂರು ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆಸಿಕೊಳ್ಳಿರಿ. ಆ ಅಂಕಿಗಳು ಸಾಲುವಷ್ಟಿದ್ದರೆ ಇಂಪ್ಲಾಂಟಿನ ದಿನವನ್ನು ಅಲ್ಲಿಯೇ ಗೊತ್ತುಪಡಿಸಿಕೊಂಡು ಬರಬೇಕು.